ಜಗಳೂರು ಕ್ಯಾಂಪಿಗೊಂದು ಹೆಸರು

ಕಾಟಮ್ಮನಿಗೆ ಬಸ್ಸಿನ ಕಂಡಕ್ಟರುಗಳ ಮೇಲೆ ಸಿಟ್ಟಿತ್ತು. ಹೊನ್ನಾಳಿಯಿಂದ ವಾಪಸ್ ಬರುವಾಗ ಅವಳು ಇಳಿಯುವ ಜಾಗ ಹತ್ತಿರವಾಗುತ್ತಿದ್ದಂತೆ ಅವರು ಬಾಗಿಲಲ್ಲಿ ನಿಂತು, “ಯಾರ್ರೀ ಜಗಳದ ಕ್ಯಾಂಪು? ಎದ್ದು ಬರ್ರಿ, ಜಗಳ ಆಡ್ದಂಗೆ ಇಳೀರಿ” ಎಂದು ಕೂಗುತ್ತಿದ್ದರು. ಬಸ್ಸಿನಲ್ಲಿದ್ದವರೆಲ್ಲ ನಗುತ್ತಿದ್ದರು. ಕಾಟಮ್ಮ ಕೂಡ ಕಂಡಕ್ಟರಿಗೆ ಏನಾದರೊಂದು ಮಾತು ಕೊಡದೆ ಇಳಿದವಳಲ್ಲ. ಹಾಗಾಗಿ ಆ ಹೆಸರು ಮತ್ತಷ್ಟು ಗಟ್ಟಿಯಾಗುತ್ತ ಹೋಗಿತ್ತು.

ಜಗಳೂರು ಕ್ಯಾಂಪಿನವರು ಜಗಳಗಂಟರೇನೂ ಅಲ್ಲ. ಜಗಳೂರು ಕಡೆಯಿಂದ ಬಂದವರು, ಅಷ್ಟೆ. ಹೊನ್ನಾಳಿ ಸೀಮೆಯ ಗದ್ದೆಗಳಿಗೆ ಭದ್ರಾ ಚಾನಲ್ಲಿನ ನೀರು ಬಿಟ್ಟಾಗ ನಾಟಿ ಹಾಕಲು ಆಳು ಸಾಲುತ್ತಿರಲಿಲ್ಲ. ಜಗಳೂರು ಕಡೆಯವರು ಲಾರಿ ಹತ್ತಿ ಬಂದು, ನಾಟಿ ಮುಗಿಸಿ, ಮತ್ತೆ ಲಾರಿ ಹತ್ತಿ ಹೋಗುವುದು ಮೊದಲಿನ ಪದ್ಧತಿ. ಒಂದು ವರ್ಷ ಕಾಟಮ್ಮ ಲಾರಿ ಹತ್ತಲಿಲ್ಲ. ಆಗಿನ್ನೂ ಅವಳಿಗೆ ಮದುವೆಯಾದ ಹೊಸತು. “ಇಲ್ಲಿ ಕೈ ತೊಳೆಯಾಕೆ ಹೋದ್ರೆ ಮೊಣಕೈ ತನಕ ನೀರು ಬರ್ತೈತೆ. ನಾನಂತೂ ವಾಪಸ್ ಬರಾಕಿಲ್ಲ” ಎಂದು ಗಂಟು ಇಳಿಸಿಬಿಟ್ಟಳು. ಗಂಡ ಗಾದ್ರಪ್ಪ ಲಾರಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ತನ್ನ ಗಂಟನ್ನೂ ಇಳಿಸಿದ. ಅವರನ್ನು ನೋಡಿ ಇನ್ನೂ ಕೆಲವು ಮನೆಯವರು ಉಳಿದರು. ಹೀಗೆ ಉಳಿದವರ ನೆಂಟರು ಬಂದರು, ನೆಂಟರ ನೆಂಟರು ಬಂದರು.

ಅವರು ಗುಡಿಸಲು ಹಾಕಿಕೊಂಡದ್ದು ಹೊಳೆದಂಡೆಯ ಒಂದು ದಿಬ್ಬದ ಮೇಲೆ. ತುಂಗಭದ್ರೆ ಅಲ್ಲಿ ಬಂಡೆಗಳ ಮೇಲೆ ಹರಡಿಕೊಂಡು ಅಗಲವಾಗಿ ಹರಿಯುತ್ತದೆ. ಬೇಸಿಗೆಯಲ್ಲಿ ಆಚೆ ದಡದ ನ್ಯಾಮತಿ ತಾಲ್ಲೂಕಿನ ಎಮ್ಮೆಗಳು ಈಚೆಗೆ ದಾಟಿ ಬಂದು, ಹೊನ್ನಾಳಿ ತಾಲ್ಲೂಕಿನ ಹುಲ್ಲು ಮೇಯ್ದು, ಸಂಜೆಗೆ ತಮ್ಮ ತಾಲ್ಲೂಕಿಗೆ ಮರಳುತ್ತವೆ. ದಿಬ್ಬದ ಮೂಡಲಿಗೆ ಗದ್ದೆ, ಗದ್ದೆಯಾಚೆ ಚಾನಲ್ಲು, ಚಾನಲ್ಲಿನಾಚೆ ಅಡಿಕೆ ತೋಟಗಳು, ಅವುಗಳ ಹಿಂದೆ ದೂರದಲ್ಲಿ ಚನ್ನಗಿರಿ ಕಡೆಯ ಗುಡ್ಡಗಳ ನೀಲಿ ಸಾಲು. ಇಂಥ ಜಾಗವನ್ನು ಸುತ್ತಲಿನವರು ಯಾಕೆ ಖಾಲಿ ಬಿಟ್ಟಿದ್ದರು ಎಂದು ಕಾಟಮ್ಮ ಕೇಳಿದರೆ, “ಅದು ಹಾಳೂರು ದಿಬ್ಬ ಕಣಮ್ಮ” ಎಂದಷ್ಟೇ ಹೇಳುತ್ತಿದ್ದರು. ಯಾವ ಊರು, ಯಾವಾಗ ಹಾಳಾಯಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಪಾಯ ತೋಡಿದರೆ ಮಡಕೆ ಚೂರು ಸಿಗುತ್ತಿತ್ತು, ಸವೆದ ಬೀಸುವ ಕಲ್ಲು ಸಿಗುತ್ತಿತ್ತು. “ಯಾರೋ ಉಂಡು ಬಾಳಿದ ಜಾಗ. ನಮ್ಗೂ ಅನ್ನ ಹುಟ್ತೈತೆ” ಎಂದು ಕಾಟಮ್ಮ ಆ ಪಾಯದ ಮೇಲೇ ಗೋಡೆ ಎಬ್ಬಿಸಿದ್ದಳು.

ಈಗ ಅಲ್ಲಿ ತಾರಸಿ ಮನೆಗಳಿವೆ, ಒಂದು ಪುಟ್ಟ ಶಾಲೆಯಿದೆ, ಬೋರ್‌ವೆಲ್ಲಿನ ನಲ್ಲಿಯಿದೆ. ಇಲ್ಲದ್ದು ಒಂದೇ, ಹೆಸರು. ಗ್ರಾಮ ಆಡಳಿತಾಧಿಕಾರಿ ಮಮತಾ ಮೇಡಂ ಸ್ಕೂಟಿಯಲ್ಲಿ ಬಂದು, “ನಿಮ್ಮದು ಇನ್ನು ಕಂದಾಯ ಗ್ರಾಮ ಆಗ್ತೈತೆ. ಕ್ಯಾಂಪ್ ಅಂತ ಬರೆಯಾಕೆ ಬರಲ್ಲ. ಎಲ್ಲರೂ ಕೂತು ಒಂದು ಹೆಸರು ಹೇಳ್ರಿ” ಎಂದು ಹೋದ ದಿನದಿಂದ ಕ್ಯಾಂಪಿನವರು ನಿಜವಾಗಿಯೂ ಜಗಳ ಶುರುಮಾಡಿದರು.

ಗಾದ್ರಪ್ಪನಿಗೆ ‘ಹೊಸ ಜಗಳೂರು’ ಆಗಬೇಕು. ಮಗ ಪರಶುರಾಮನಿಗೂ ಅವನ ಗೆಳೆಯರಿಗೂ ‘ಏಕಲವ್ಯ ನಗರ’ ಆಗಬೇಕು. ಪಕ್ಕದ ಮನೆಯ ಜುಂಜಪ್ಪ ‘ಜುಂಜಪ್ಪನಹಟ್ಟಿ’ ಎಂದ. ಎಲ್ಲರೂ ಅವನ ಮುಖ ನೋಡಿದಾಗ, “ಅದು ದೇವ್ರ ಹೆಸ್ರು ಕಣ್ರಪ್ಪ, ನಂದಲ್ಲ” ಎಂದು ಕೈಮುಗಿದ. ಕೂತಾಗಲೆಲ್ಲ ಟೀ ಖರ್ಚಾಯಿತೇ ಹೊರತು ಹೆಸರು ಹುಟ್ಟಲಿಲ್ಲ. ಕಾಟಮ್ಮ ಯಾರ ಪಕ್ಷವೂ ಅಲ್ಲ. ಕಂಡಕ್ಟರು ಕೂಗಿದರೆ ಯಾರೂ ನಗಬಾರದು, ಅಷ್ಟೇ ಅವಳ ಬೇಡಿಕೆ.

ಮಾಘ ಮಾಸದ ಒಂದು ಭಾನುವಾರ ಬೆಳಿಗ್ಗೆ ಅಡಿಕೆ ಮೂಟೆ ಸಾಗಿಸುವ ಒಂದು ಟೆಂಪೊ ಕ್ಯಾಂಪಿನ ನಡುವೆ ಬಂದು ನಿಂತಿತು. ಹಿಂದೆ ಜಮಖಾನ ಹಾಸಿಕೊಂಡು ಹೆಂಗಸರು, ಗಂಡಸರು, ಬುತ್ತಿ ಪಾತ್ರೆಗಳು. ಮುಂದಿನ ಸೀಟಿನಿಂದ ಬಿಳಿ ಪಂಚೆಯ ದಪ್ಪ ಮನುಷ್ಯನೊಬ್ಬ ಇಳಿದ. ಹಣೆಯ ತುಂಬ ವಿಭೂತಿ. ಇಳಿದವನೇ ಸೊಂಟದ ಮೇಲೆ ಕೈಯಿಟ್ಟು ಮನೆಗಳನ್ನೆಲ್ಲ ಒಂದು ಸುತ್ತು ನೋಡಿ, “ಇದೇನಿದು, ನಮ್ಮೂರಾಗೆ ಯಾರೋ ಮನಿ ಕಟ್ಟೀರಲ್ರೀ!” ಎಂದ.

ಗಾದ್ರಪ್ಪ ಒಳಗೆ ಹೋಗಿ ಹಕ್ಕುಪತ್ರ ಇಟ್ಟಿದ್ದ ಟ್ರಂಕಿನ ಮೇಲೆ ಕೂತುಬಿಟ್ಟ.

“ಯಾವೂರು ಯಜಮಾನ್ರೆ ನಿಮ್ದು?” ಎಂದು ಕಾಟಮ್ಮ ಕೇಳಿದಳು.

“ಕೆರೆಬಿಳಚಿ. ನಾನು ಕೊಟ್ರಬಸಪ್ಪ. ಆದ್ರೆ ನಮ್ಮ ಹಿರೇರ ಊರು ಇದೇ.”

ಅಷ್ಟರಲ್ಲಿ ಟೆಂಪೊದ ಹಿಂದಿನಿಂದ ಒಬ್ಬ ಮುದುಕಿಯನ್ನು ನಿಧಾನವಾಗಿ ಇಳಿಸಿದರು. ಅವಳು ಕೊಟ್ರಬಸಪ್ಪನ ಅಕ್ಕ ಪ್ರೇಮಮ್ಮ. ಇಳಿದು ಸೆರಗು ಸರಿಮಾಡಿಕೊಂಡು, ಕಾಟಮ್ಮನ ಕೈ ಹಿಡಿದು, “ಹೆದರಬ್ಯಾಡ ಕಣವ್ವ. ಜಾಗ ಕೇಳಾಕೆ ಬಂದಿಲ್ಲ, ಲಗ್ನಪತ್ರಿಕೆ ಕೊಡಾಕೆ ಬಂದೀವಿ” ಎಂದಳು.

“ನಮಗಾ?”

“ಕಲ್ಲಿಗೆ.”

ಪ್ರೇಮಮ್ಮ ಹೇಳಿದ ಸಂಗತಿ ಇಷ್ಟು. ಊರು ಕಟ್ಟುವಾಗ ಮೊದಲು ನೆಡುವ ಕಲ್ಲಿಗೆ ಕರಿಗಲ್ಲು ಎನ್ನುತ್ತಾರೆ. ಆ ಕಲ್ಲೇ ಊರಿನ ಬೇರು. ಅವರ ಮನೆತನದಲ್ಲಿ ಯಾರದೇ ಮದುವೆಯಾಗಲಿ, ಮೊದಲ ಲಗ್ನಪತ್ರಿಕೆ ಈ ಹಾಳೂರಿನ ಕರಿಗಲ್ಲಿಗೆ ಹೋಗಬೇಕು, ಒಂದು ಕೊಡ ನೀರು ಅದರ ನೆತ್ತಿಗೆ ಬೀಳಬೇಕು. ಪ್ರೇಮಮ್ಮ ಚಿಕ್ಕ ಹುಡುಗಿಯಾಗಿದ್ದಾಗ ಚಿಕ್ಕಪ್ಪನ ಮದುವೆಗೆಂದು ಎತ್ತಿನ ಗಾಡಿಯಲ್ಲಿ ಬಂದಿದ್ದಳು. ಆಮೇಲೆ ಯಾರೂ ಬರಲಿಲ್ಲ. ಈಗ ತಮ್ಮನ ಮಗಳು ಮೇಘಶ್ರೀಯ ಮದುವೆ ಗೊತ್ತಾದಾಗ ಮುದುಕಿ ಹಟ ಹಿಡಿದು ಎಲ್ಲರನ್ನೂ ಹೊರಡಿಸಿದ್ದಳು. ಮೇಘಶ್ರೀ ಕೂಡ ಬಂದಿದ್ದಳು. ಬಿಸಿಲಿಗೆ ದುಪಟ್ಟಾ ಹೊದ್ದುಕೊಂಡು, ಕೈಯಲ್ಲಿ ಪತ್ರಿಕೆ ಹಿಡಿದು, ಯಾವ ಕಲ್ಲಿಗೆ ಕೊಡಬೇಕೋ ಎಂದು ಅತ್ತಿತ್ತ ನೋಡುತ್ತಿದ್ದಳು.

“ಒಂದು ದೊಡ್ಡ ಹುಣಸೆಮರ ಇತ್ತು. ಅದರ ಮುಂದೆ ಸೊಂಟದೆತ್ತರಕ್ಕೆ ಕರಿಗಲ್ಲು. ನೆತ್ತಿ ಮೇಲೆ ಸೂರ್ಯ, ಚಂದ್ರ ಕೆತ್ತಿದ್ರು” ಎಂದಳು ಪ್ರೇಮಮ್ಮ.

ಹುಣಸೆಮರ ಇತ್ತು. ಅದರ ಕೆಳಗೆ ಜುಂಜಪ್ಪನ ಆಡುಗಳಿದ್ದವು. ಕಲ್ಲು ಮಾತ್ರ ಇರಲಿಲ್ಲ. ಕೆರೆಬಿಳಚಿಯವರು ಪೊದೆ ಸರಿಸಿ ನೋಡಿದರು, ಆಡು ಎಬ್ಬಿಸಿ ನೋಡಿದರು. ಕ್ಯಾಂಪಿನವರೂ ಸೇರಿಕೊಂಡು ಹುಡುಕಿದರು. ಬಿಸಿಲೇರಿತು. ಕಾಟಮ್ಮ ನೀರು ತಂದುಕೊಟ್ಟರೆ ಕೊಟ್ರಬಸಪ್ಪ, “ಇರ್ಲಿ, ನಮ್ಮ ಕ್ಯಾನು ಐತೆ” ಎಂದು ಮುಖ ತಿರುಗಿಸಿದ. ಪ್ರೇಮಮ್ಮ ಮಾತ್ರ ಅದೇ ಚೊಂಬು ತೆಗೆದುಕೊಂಡು ಗಟಗಟ ಕುಡಿದು, “ಹೊಳೆ ನೀರಿನ ರುಚಿನೇ ಬ್ಯಾರೆ” ಎಂದಳು. ಅದು ಬೋರ್‌ವೆಲ್ ನೀರೆಂದು ಕಾಟಮ್ಮ ಹೇಳಲಿಲ್ಲ.

ಮುದುಕಿಗೆ ಕಾಲು ಸೋತಿತ್ತು, ಪಾದಕ್ಕೆಲ್ಲ ಕೆಸರು ಮೆತ್ತಿತ್ತು. ಕಾಟಮ್ಮ ಅವಳನ್ನು ನಲ್ಲಿಯ ಹತ್ತಿರ ಕರೆತಂದಳು. ಅಲ್ಲಿ ಸೊಸೆ ಉಷಾರಾಣಿ ಬಟ್ಟೆ ಒಗೆಯುತ್ತಿದ್ದಳು. “ಏ ಉಷಾ, ಏಳು, ಅಮ್ಮಾರು ಕೂರ್ಲಿ” ಎಂದಾಗ ಅವಳು ಸೋಪಿನ ನೊರೆ ತೊಳೆದು ಕಲ್ಲು ಬಿಟ್ಟುಕೊಟ್ಟಳು. ಪ್ರೇಮಮ್ಮ ಕಲ್ಲಿನ ಮೇಲೆ ಕೂತು, ಕಾಲು ನೀರಿಗೊಡ್ಡಿ, ಬಿದ್ದೇನೆಂದು ಎರಡೂ ಕೈಯಿಂದ ಕಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆರಳುಗಳು ಕಲ್ಲಿನ ಅಡಿಭಾಗವನ್ನು ಸವರಿದವು. ಬೆರಳು ಮತ್ತೊಮ್ಮೆ ಸವರಿತು.

“ಚಂದ್ರ” ಎಂದಳು.

“ಏನಂದ್ರಿ ಅಮ್ಮಾರೆ?”

“ಇಲ್ಲಿ ಚಂದ್ರ ಅದಾನೆ ಕಣವ್ವ. ನಾ ಅವನ ಮ್ಯಾಲೆ ಕೂತೀನಿ.”

ಕಾಟಮ್ಮ ಬಗ್ಗಿ ಕೈಯಾಡಿಸಿದಳು. ಹೌದು, ಅಡಿಯಲ್ಲಿ ಬಾಗಿದ ಕೆತ್ತನೆ, ಪಕ್ಕದಲ್ಲಿ ಒಂದು ದುಂಡು. ಕ್ಯಾಂಪಿನ ನೆಲ ಮಟ್ಟ ಮಾಡುವಾಗ ಟ್ರ್ಯಾಕ್ಟರಿಗೆ ಸಿಕ್ಕಿ ಉರುಳಿದ್ದ ಕಲ್ಲು ಅದು. ಒಂದು ಮೈ ನುಣುಪಾಗಿದೆಯೆಂದು ಎಲ್ಲರೂ ಸೇರಿ ಎಳೆದುತಂದು ನಲ್ಲಿಯ ಬಳಿ ಹಾಕಿದ್ದರು. ಅಂದಿನಿಂದ ಕ್ಯಾಂಪಿನ ಬಟ್ಟೆಯನ್ನೆಲ್ಲ ಅದರ ಮೇಲೇ ಒಗೆಯಲಾಗುತ್ತಿತ್ತು. ಉಷಾರಾಣಿ ಕೈಯಲ್ಲಿದ್ದ ಲಂಗವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಸುದ್ದಿ ತಿಳಿದ ಕೊಟ್ರಬಸಪ್ಪ ಓಡಿಬಂದ. ಅವನ ಮುಖ ಕೆಂಪಾಗಿತ್ತು.

“ನಮ್ಮೂರ ಕರಿಗಲ್ಲಿನ ಮ್ಯಾಲೆ ಲಂಗ ಒಗೀತೀರೇನ್ರೀ! ಇನ್ನು ಒಂದು ಗಳಿಗೆ ಇದು ಇಲ್ಲಿ ಇರಬಾರ್ದು. ಎತ್ರಲೇ, ಟೆಂಪೊಕ್ಕೆ ಹಾಕ್ರಿ. ಕೆರೆಬಿಳಚೀಲಿ ತೋಟದ ಮುಂದೆ ನೆಟ್ಟು ಗುಡಿ ಕಟ್ಟಿಸ್ತೀನಿ.”

ಇಷ್ಟು ಹೊತ್ತು ಸಂಕೋಚದಿಂದ ನಿಂತಿದ್ದ ಕಾಟಮ್ಮನಿಗೆ ಆ ಮಾತು ಕೇಳಿ ಬೇರೇನೋ ಆಯಿತು. ಯಾರೋ ತನ್ನ ಮನೆಯ ಹೊಸ್ತಿಲು ಕೀಳಲು ಬಂದಂತೆನ್ನಿಸಿತು. “ಯಜಮಾನ್ರೆ, ನಮಗೆ ಗೊತ್ತಿರಲಿಲ್ಲ, ತಪ್ಪಾತು. ಆದ್ರೆ ಊರಿನ ಕಲ್ಲು ಊರಾಗಿರಬೇಕಲ್ಲ? ತೋಟದಾಗೆ ನೆಡಾಕೆ ಅದೇನು ಅಡಿಕೆ ಸಸಿನಾ?” ಎಂದಳು.

“ಊರೆಲ್ಲೈತಮ್ಮ? ಊರು ಹಾಳಾಗಿ ಎಷ್ಟು ಕಾಲ ಆತು!”

“ಮತ್ತೆ ನಾವು ಇಷ್ಟು ಜನ ಇರೋದು ಎಲ್ಲಿ?”

ಕೊಟ್ರಬಸಪ್ಪ ಟೆಂಪೊದಲ್ಲಿ ಬಂದಿದ್ದ ಗಂಡಸರಿಗೆ ಕೈಸನ್ನೆ ಮಾಡಿದ. ಅವರು ಹಗ್ಗ ಹಾಕಿ, ಏದುಸಿರು ಬಿಡುತ್ತ, ಕಲ್ಲನ್ನು ಟೆಂಪೊಗೆ ಏರಿಸಿದರು. ಪರಶುರಾಮ ಅಡ್ಡ ಹೋಗಲು ನೋಡಿದ. ಕಾಟಮ್ಮನೇ ಅವನ ತೋಳು ಹಿಡಿದು ನಿಲ್ಲಿಸಿದಳು. ಮದುವೆಯ ಹುಡುಗಿಯೆದುರು ಹೊಡೆದಾಟ ಬೇಡವೆಂದು ಅವಳಿಗೆ ಅನ್ನಿಸಿತು. ಮೇಘಶ್ರೀಯ ಕಣ್ಣು ಆಗಲೇ ತುಂಬಿತ್ತು.

ಡ್ರೈವರು ಗಾಡಿ ಚಾಲೂ ಮಾಡಿ ಗದ್ದೆ ಬದುವಿನ ಕೆಳದಾರಿಯತ್ತ ತಿರುಗಿಸಿದ. ಕಾಟಮ್ಮ ಸಿಟ್ಟಿನಲ್ಲೂ ಸುಮ್ಮನಿರಲಾರದೆ ಕೂಗಿದಳು: “ಆ ಕಡೆ ಬ್ಯಾಡ್ರಪ್ಪ, ಸ್ಕೂಲಿನ ಮಗ್ಗುಲಾಗೆ ಮ್ಯಾಲಿನ ದಾರಿ ಹಿಡೀರಿ!”

“ಸುತ್ತು ಹಾಕ್ಸಾಕೆ ನೋಡ್ತಾರೆ. ನೀ ಸೀದಾ ನಡಿಯಲೇ” ಎಂದ ಕೊಟ್ರಬಸಪ್ಪ.

ಟೆಂಪೊ ಸೀದಾ ನಡೆಯಿತು, ಹುಣಸೆಮರದ ತನಕ. ಅಲ್ಲಿ ಹಿಂದಿನ ಚಕ್ರ ಮೆಲ್ಲಗೆ ನೆಲದೊಳಗೆ ಇಳಿಯಿತು. ಡ್ರೈವರು ಆಕ್ಸಿಲರೇಟರ್ ಒತ್ತಿದಷ್ಟೂ ಅದು ಇನ್ನೂ ಇಳಿಯಿತು. ಕೆರೆಬಿಳಚಿಯವರು ನೂಕಿದರು. ಕ್ಯಾಂಪಿನವರು ಮೊದಲು ನಕ್ಕು, ಆಮೇಲೆ ಪಾಪ ಅನ್ನಿಸಿ ತಾವೂ ಹೆಗಲು ಕೊಟ್ಟರು. ಕೆಸರು ಚಿಮ್ಮಿ ಎಲ್ಲರ ಮುಖವೂ ಒಂದೇ ಬಣ್ಣವಾಯಿತು. ಗಾಡಿ ಕದಲಲಿಲ್ಲ. ಕೊನೆಗೆ ಪರಶುರಾಮ ತನ್ನ ಟ್ರ್ಯಾಕ್ಟರ್ ತಂದು, “ಮೊದ್ಲು ಭಾರ ಇಳಿಸ್ರಿ, ಇಲ್ಲಂದ್ರೆ ಆಕ್ಸೆಲ್ ಮುರೀತೈತೆ” ಎಂದ. ಕಲ್ಲನ್ನು ಇಳಿಸಿದರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟುವ ಮೊದಲೇ ಡ್ರೈವರು ಇನ್ನೊಮ್ಮೆ ಪ್ರಯತ್ನಿಸಿದ. ಟೆಂಪೊ ಒಂದು ಸಲ ಕುಲುಕಿ, ಛಂಗನೆ ಮೇಲೆದ್ದು ಗಟ್ಟಿ ನೆಲಕ್ಕೆ ಬಂದು ನಿಂತಿತು.

ಕೊಟ್ರಬಸಪ್ಪ ಟೆಂಪೊ ನೋಡಿದ, ಕಲ್ಲು ನೋಡಿದ, ತಲೆಯ ಮೇಲಿನ ಹುಣಸೆಮರ ನೋಡಿದ. ನಿಧಾನವಾಗಿ ಚಪ್ಪಲಿ ಕಳಚಿದ.

“ಬರಾಕೆ ಒಪ್ತಿಲ್ಲ. ತನ್ನ ಜಾಗಕ್ಕೇ ಬಂದು ಇಳೀತು ನೋಡ್ರಿ” ಎಂದ. ಧ್ವನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

ಪ್ರೇಮಮ್ಮ ಕಾಟಮ್ಮನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಕೇಳಿದಳು. “ಅಲ್ಲಿ ಅಷ್ಟು ನೀರು ಹೆಂಗೆ ಬಂತೇ?”

“ನನ್ ಮಗ ಬೆಳಿಗ್ಗೆ ಗದ್ದೆಗೆ ನೀರು ತಿರುಗಿಸ್ಯಾನೆ ಅಮ್ಮಾರೆ. ಬದುವಿನಾಗೆ ಇಲಿ ತೂತು, ದಾರಿಗೆಲ್ಲ ಜಿನುಗ್ತೈತೆ. ಅದಕ್ಕೇ ನಾ ಮ್ಯಾಲಿನ ದಾರಿ ಹಿಡೀರಿ ಅಂದೆ. ಹೇಳಿಬಿಡ್ಲಾ ಅವರಿಗೆ?”

“ಸುಮ್ನಿರು” ಎಂದು ಪ್ರೇಮಮ್ಮ ಅವಳ ಕೈ ಅದುಮಿದಳು. “ಹುಟ್ಟಿದಾಗಿಂದ ಯಾರ ಮಾತೂ ಕೇಳಿದೋನಲ್ಲ ನನ್ ತಮ್ಮ. ಈಗ ಕಲ್ಲಿನ ಮಾತು ಕೇಳ್ತಾ ಅದಾನೆ. ಕೇಳ್ಲಿ ಬಿಡು.”

ಇಬ್ಬರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಮೇಲೆ ಪ್ರೇಮಮ್ಮ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು. “ಕೊಟ್ರಾ, ಒಗೆದ್ರು ಒಗೆದ್ರು ಅಂತೀಯಲ್ಲ, ನಾವು ಇದಕ್ಕೆ ಒಂದು ಕೊಡ ನೀರು ಹಾಕಿ ಎಷ್ಟು ವರ್ಷ ಆಗಿತ್ತು? ಇವರು ದಿನಾ ಹಾಕ್ಯಾರೆ. ಹೆಂಗೋ ಹಾಕ್ಯಾರೆ, ಹಾಕ್ಯಾರಲ್ಲ! ಒಲೆ ಹೊತ್ತೋ ಜಾಗದಾಗೆ ಕರಿಗಲ್ಲು ಇರಬೇಕು. ಒಲೆ ಇಲ್ಲಿ ಹೊತ್ತೈತೆ.”

ಅಲ್ಲೇ ಗುಂಡಿ ತೋಡಿದರು. ಅಗೆಯಲು ಜುಂಜಪ್ಪ ಎಲ್ಲರಿಗಿಂತ ಮುಂದು. ಕಲ್ಲನ್ನು ನೆಟ್ಟಗೆ ನಿಲ್ಲಿಸಿದಾಗ ನೆತ್ತಿಯ ಸೂರ್ಯ ಚಂದ್ರರ ಮೇಲೆ ಹಸಿರು ಪಾಚಿಯಿತ್ತು. ಉಷಾರಾಣಿಯೇ ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ತೆಗೆದಳು. ಮೇಘಶ್ರೀ ಒಂದು ಕೊಡ ನೀರು ಸುರಿದಳು, ಪ್ರೇಮಮ್ಮನ ಒತ್ತಾಯಕ್ಕೆ ಕಾಟಮ್ಮ ಇನ್ನೊಂದು ಕೊಡ ಸುರಿದಳು. ಲಗ್ನಪತ್ರಿಕೆಗೆ ಅರಿಶಿನ ಹಚ್ಚಿ ಕಲ್ಲಿನ ಬುಡದಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಜುಂಜಪ್ಪನ ಆಡೊಂದು ಅದನ್ನು ತಿಂದಿತು. ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತಿದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.

ಕೆರೆಬಿಳಚಿಯವರ ಬುತ್ತಿಯಲ್ಲಿ ಹೋಳಿಗೆ, ಚಿತ್ರಾನ್ನ ಇತ್ತು. ಕಾಟಮ್ಮ ದೊಡ್ಡ ಬಾಣಲೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕಿದಳು, ಉಷಾರಾಣಿ ಮೆಣಸಿನಕಾಯಿ ಬಜ್ಜಿ ಕರಿದಳು. ಕೊಟ್ರಬಸಪ್ಪ ಮೊದಲು ತಮ್ಮ ಬುತ್ತಿಯನ್ನಷ್ಟೇ ಉಂಡ. ಎದುರಿಗಿದ್ದ ಬಜ್ಜಿಯ ವಾಸನೆ ಬಹಳ ಹೊತ್ತು ಸುಮ್ಮನೆ ಕೂರಲು ಬಿಡಲಿಲ್ಲ. “ಒಂದು ಹಾಕಮ್ಮ, ನೋಡಾಣ” ಎಂದವನು, ಆಮೇಲೆ ಕೇಳದೆಯೇ ತಟ್ಟೆ ಮುಂದಕ್ಕೆ ನೂಕುತ್ತಿದ್ದ.

ಊಟದ ನಡುವೆ ಮಾತು ಹಳೆಯ ಊರಿನ ಕಡೆ ತಿರುಗಿತು. ಹುಲಿಯ ಕಾಟಕ್ಕೆ ಊರು ಬಿಟ್ಟರೆಂದು ಕೊಟ್ರಬಸಪ್ಪ ಹೇಳಿದ. ಪ್ರೇಮಮ್ಮ ಒಪ್ಪಲಿಲ್ಲ. ಒಂದು ವರ್ಷ ಹೊಳೆ ದಿಬ್ಬ ಹತ್ತಿ ಬಂತಂತೆ, ನೀರು ಇಳಿದ ಮೇಲೆ ಜ್ವರ ಬಂತಂತೆ. ಬದುಕಿ ಉಳಿದವರಲ್ಲಿ ಒಬ್ಬನಾದ ಅವರ ಮುತ್ತಜ್ಜನಿಗೆ ಕೆರೆಬಿಳಚಿಯಲ್ಲಿ ಸೋದರಮಾವನಿದ್ದ. ಸೂಳೆಕೆರೆಯ ಕೆಳಗೆ ಅವನಿಗೆ ಜಮೀನಿತ್ತು. ಗಾಡಿ ಕಟ್ಟಿಕೊಂಡು ಗುಡ್ಡದ ಕಡೆ ಹೊರಟವರು ಅಲ್ಲೇ ನಿಂತರು.

“ಹೊಳೆಗೆ ಹೆದರಿ ಕೆರೆ ಬುಡಕ್ಕೆ ಹೋದ್ರಾ?” ಎಂದು ಕಾಟಮ್ಮ ನಕ್ಕಳು. “ನಾವು ನೋಡ್ರಿ, ನೀರು ಎಲ್ಲೈತೆ ಎಲ್ಲೈತೆ ಅಂತ ಹುಡುಕ್ಕಂಡು ಹೊಳೆ ಬುಡಕ್ಕೆ ಬಂದ್ವಿ.”

“ಎಲ್ಲರೂ ನೀರಿನ ಹಿಂದೇನೇ ಕಣವ್ವ. ಕೆಲವರು ಅದು ಕರೆದಾಗ ಬಂದ್ರು, ಕೆಲವರು ಅದು ಓಡಿಸ್ದಾಗ ಹೋದ್ರು.”

ಆಗ ಮೇಘಶ್ರೀ ಕೇಳಿದಳು. “ಅತ್ತೆ, ಕೆರೆಬಿಳಚೀಲಿ ನಮ್ಮನ್ನ ಕಡವಿನ ಮನೆಯೋರು ಅಂತಾರಲ್ಲ, ಅಲ್ಲಿ ಹೊಳೆನೇ ಇಲ್ಲ. ಕಡವು ಎಲ್ಲಿಂದ ಬಂತು?”

“ಇಲ್ಲಿಂದ್ಲೇ. ಹೊಳೆ ದಾಟೋ ಜಾಗಕ್ಕೆ ಕಡವು ಅಂತಾರಲ್ಲ. ಇದು ಹುಣಸೇಕಡವು. ನ್ಯಾಮತಿ ಕಡೆ ಗಾಡಿಗಳೆಲ್ಲ ಇಲ್ಲೇ ದಾಟ್ತಿದ್ವು ಅಂತ ನಮ್ಮಜ್ಜಿ ಹೇಳ್ತಿದ್ಲು.”

ಹುಣಸೇಕಡವು. ಕಾಟಮ್ಮ ಅದನ್ನು ಬಾಯೊಳಗೆ ಒಂದು ಸಲ ಹೇಳಿ ನೋಡಿದಳು. ಗಟ್ಟಿಯಾಗಿ ಇನ್ನೊಂದು ಸಲ ಹೇಳಿದಳು. ಗಂಡನ ಮುಖ ನೋಡಿದಳು. ಗಾದ್ರಪ್ಪ ಅಷ್ಟು ಹೊತ್ತಿಗೆ ಟ್ರಂಕು ಬಿಟ್ಟು ಹೊರಗೆ ಬಂದಿದ್ದನಾದರೂ ಅನುಮಾನ ಬಿಟ್ಟಿರಲಿಲ್ಲ.

“ಹೆಸರು ಚೆಂದ ಐತೆ. ಆದ್ರೆ ಯಜಮಾನ್ರೆ, ಇವತ್ತು ಹೆಸರು ತಗಂಡು, ನಾಳೆ ನೀವು ಜಾಗನೂ ನಮ್ದೇ ಅಂದ್ರೆ?” ಎಂದು ನೇರವಾಗಿ ಕೇಳಿಬಿಟ್ಟ.

ಕೊಟ್ರಬಸಪ್ಪ ಬಜ್ಜಿ ನುಂಗಿ, ಕೈ ಒರೆಸಿಕೊಂಡ. “ಇರೋ ತೋಟದಾಗೆ ಅಡಿಕೆ ಕೊಯ್ಯಾಕೆ ಆಳು ಸಿಗ್ದೆ ಒದ್ದಾಡ್ತಾ ಇದೀನಿ. ಈ ದಿಬ್ಬ ಕಟ್ಕಂಡು ಏನ್ ಮಾಡ್ಲಪ್ಪ? ಹೆಸರಿಟ್ಕಳ್ರಿ. ಕಲ್ಲಿನ ಮ್ಯಾಲೆ ಮಾತ್ರ ಇನ್ನು ಬಟ್ಟೆ ಒಗೀಬ್ಯಾಡ್ರಿ.”

“ಹಂಗಾದ್ರೆ ಒಗೆಯಾಕೆ ಬೇರೆ ಕಲ್ಲು?” ಎಂದಳು ಉಷಾರಾಣಿ, ಅತ್ತೆಯ ಬೆನ್ನ ಹಿಂದಿನಿಂದ.

“ನಾನೇ ಕೊಡಿಸ್ತೀನಿ, ತಾಯಿ!”

ಬಿಸಿಲು ಇಳಿಯುವಾಗ ಪ್ರೇಮಮ್ಮ ಹೊಳೆ ನೋಡಬೇಕೆಂದಳು. ಕಾಟಮ್ಮನೂ ಮೇಘಶ್ರೀಯೂ ಎರಡು ಕಡೆ ಹಿಡಿದುಕೊಂಡು ಇಳಿಸಿದರು. ಬಂಡೆಗಳ ನಡುವೆ ನೀರು ಪಾದ ಮುಳುಗುವಷ್ಟಿತ್ತು. ಕಾಟಮ್ಮ ಒಂದು ಅಗಲ ಬಂಡೆಯನ್ನು ತೋರಿಸಿದಳು. ಅದರಲ್ಲಿ ಗಾಡಿ ಚಕ್ರ ಉಜ್ಜಿ ಉಜ್ಜಿ ಸವೆದ ಎರಡು ಗೀರುಗಳಿದ್ದವು. ಇಷ್ಟು ವರ್ಷ ಅವುಗಳ ಪಕ್ಕದಲ್ಲೇ ಪಾತ್ರೆ ಬೆಳಗಿದ್ದಳು, ಅವು ಏನೆಂದು ಯೋಚಿಸಿರಲಿಲ್ಲ. ಪ್ರೇಮಮ್ಮ ಒಂದು ಗೀರಿನಲ್ಲಿ ಪಾದವಿಟ್ಟಳು. ಸರಿಯಾಗಿ ಕೂತಿತು. ಆಚೆ ದಡದಿಂದ ಎಮ್ಮೆ ಕಾಯುವವನೊಬ್ಬ, ಯಾರಪ್ಪ ಇಷ್ಟು ಹೊಸ ಸೀರೆಯವರು ಎಂದು ಕಣ್ಣಿಗೆ ಕೈ ಮರೆಮಾಡಿ ನೋಡಿದ. ಮುದುಕಿ ಅವನಿಗೆ ಕೈ ಬೀಸಿದಳು.

ಹೆಸರನ್ನು ಮಮತಾ ಮೇಡಂಗೆ ತಿಳಿಸಿದರು. ಅವರು ಬರೆದುಕೊಂಡು ಹೋದರು. ಜುಂಜಪ್ಪ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದ. ಕಲ್ಲಿಗೆ ದಿನಾ ನೀರು ಹಾಕುವ ಕೆಲಸ ಅವನಿಗೇ ಬಂದ ಮೇಲೆ ಸರಿಹೋದ.

ಮದುವೆಗೆ ಹುಣಸೇಕಡವಿಗೆಲ್ಲ ಕರೆ ಬಂದಿತ್ತು. ಪರಶುರಾಮ ಒಂದು ಮಿನಿ ಬಸ್ ಗೊತ್ತುಮಾಡಿದ. ದಾರಿಯಲ್ಲಿ ಸೂಳೆಕೆರೆಯ ಏರಿಯ ಮೇಲೆ ಬಸ್ಸು ನಿಲ್ಲಿಸಿದಾಗ ಕಾಟಮ್ಮ ಇಳಿದು ನೋಡಿದಳು. ನೀರು ಗುಡ್ಡದ ಬುಡದ ತನಕ ಮಲಗಿತ್ತು. “ಇಷ್ಟನ್ನೂ ಯಾರು ತುಂಬಿಸಿದ್ರೋ ಮಾರಾಯ!” ಎಂದು ಗಾದ್ರಪ್ಪ ಬಾಯಿಬಿಟ್ಟ. ಜಗಳೂರಲ್ಲಿರುವ ತನ್ನ ಅಣ್ಣನಿಗೆ ತೋರಿಸಬೇಕೆಂದು ಕಾಟಮ್ಮ ಮಗನಿಂದ ಫೋಟೊ ತೆಗೆಸಿದಳು. ಕೆರೆ ಪೂರ್ತಿ ಅದರಲ್ಲಿ ಹಿಡಿಸಲಿಲ್ಲ.

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸೊಬ್ಬಳು, ನೋಡದ ಮುಖಗಳ ಇಷ್ಟು ಉದ್ದದ ಸಾಲು ಕಂಡು ಕೇಳಿದಳು: “ನೀವು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?”

ಕಾಟಮ್ಮ ಎಲೆಗೆ ನೀರು ಚಿಮುಕಿಸಿಕೊಳ್ಳುತ್ತ ಒಂದು ಗಳಿಗೆ ಯೋಚಿಸಿದಳು.

“ನಾವು ಊರಿನ ಕಡೆಯೋರು” ಎಂದಳು. ಹೋಳಿಗೆ ಬಡಿಸುವವನು ಹತ್ತಿರ ಬರುತ್ತಿದ್ದ. ಅವಳು ಅವನತ್ತ ತಿರುಗಿ, ತುಪ್ಪದವನನ್ನೂ ಜೊತೆಗೇ ಕರೆಯಲು ಹೇಳಿದಳು.